ಸುಣ್ಣದ ಗಾರೆ

ಅಕ್ಟೋಬರ್ 9, ಸೋಮವಾರ

ಎಂಟಕ್ಕೆ ಕಾಲೇಜಿನ ಇಟ್ಟಿಗೆ ಕೆಲಸದ ವರ್ಕ್‌ಶಾಪ್ ತೆರೆದೆ. ಹೀಟರ್ ಮತ್ತೆ ಕೆಟ್ಟಿದೆ. ಹನ್ನೊಂದು ಜನ ವಿದ್ಯಾರ್ಥಿಗಳು ಬಂದರು, ಹನ್ನೊಂದು ಗೋಡೆ ಎದ್ದವು. ಮೂರೂವರೆಗೆ ಹನ್ನೊಂದನ್ನೂ ಒದ್ದು ಕೆಡವಿದರು. ಇಟ್ಟಿಗೆ ಕೆರೆದು ಜೋಡಿಸಿ, ಉದುರಿದ ಗಾರೆಯನ್ನು ಮಿಕ್ಸರಿಗೆ ಸುರಿದು ನೀರು ಹಾಕಿದರೆ ನಾಳೆಗೆ ಮತ್ತೆ ಅದೇ ಗಾರೆ. ಬರೀ ಸುಣ್ಣ, ಮರಳು. ಇಪ್ಪತ್ತಮೂರು ವರ್ಷದಿಂದ ಹೀಗೇ.

ಸಂಜೆ ಹೊಸ ಪಠ್ಯಕ್ರಮದ ಮೀಟಿಂಗ್. ಬರೆಯುವವಳು ಶೋನಾ. ಸೆಪ್ಟೆಂಬರ್‌ನಲ್ಲಿ ಸೇರಿದವಳು, ಮೂವತ್ತನಾಲ್ಕು ವರ್ಷ, ಗ್ಲಾಸ್ಗೋದ ಕಟ್ಟಡಗಳಲ್ಲಿ ಇಟ್ಟಿಗೆ ಕೆಲಸ ಮಾಡಿ ಬಂದವಳು. ಆ ಹುದ್ದೆಗೆ ನಾನೂ ಅರ್ಜಿ ಹಾಕಿದ್ದೆ. ಮ್ಯಾನೇಜರ್ ಫಿಲಿಪ್ಪಾ ಆಗ ಏನಂದಳು? "ನೀವು ವರ್ಕ್‌ಶಾಪಿನ ಜೀವಾಳ ನೆವಿಲ್. ನಿಮ್ಮನ್ನ ಕಾಗದಪತ್ರಕ್ಕೆ ಹಾಕಿ ಹಾಳು ಮಾಡೋಕಾಗುತ್ತಾ?" ಹಿತ್ತಲ ಗಿಡ ಮದ್ದಲ್ಲ.

ಶೋನಾಳ ಹೊಸ ನಿಯಮ — ಪ್ರತಿ ಪಾಠಕ್ಕೂ ಕಾಲೇಜಿನಲ್ಲೇ ನಿಜವಾಗಿ ನಡೆದ ಒಂದು ಉದಾಹರಣೆ ಇರಬೇಕಂತೆ. ಎಲ್ಲರೂ ತಲೆಯಾಡಿಸಿದರು. ನಾನು ಹೀಟರ್ ವಿಷಯ ಎತ್ತಿದೆ. ಯಾರೂ ಬರೆದುಕೊಳ್ಳಲಿಲ್ಲ.

ಅಕ್ಟೋಬರ್ 12, ಗುರುವಾರ

ಮಧ್ಯಾಹ್ನ ಶೋನಾ ಬಂದು ನನ್ನ ಬೆಂಚಿನ ಮೇಲೇ ಕೂತಳು.

"ನೆವಿಲ್, ನಿಮ್ಮ ಹಳೇ ನೋಟ್ಸ್ ಇದ್ರೆ ಕೊಡ್ತೀರಾ? ಇರೋದನ್ನ ಬಿಟ್ಟು ಹೊಸದಾಗಿ ಬರೆಯೋದ್ಯಾಕೆ? ನಿಮ್ಮ ಹೆಸರು ಹಾಕ್ತೀನಿ."

"ಎಲ್ಲಾ ತಲೇಲಿದೆ" ಅಂದೆ.

"ಹಾಗಾದ್ರೆ ತಲೇನೇ ಎರವಲು ಕೊಡಿ!" ನಕ್ಕಳು.

ಸುಳ್ಳು ಹೇಳಿದೆ. ಮೂರು ನೀಲಿ ಫೈಲು ಲಾಕರಿನಲ್ಲಿವೆ. ಮೊದಲ ಪುಟದಲ್ಲೇ ಗಾರೆ. ಇಪ್ಪತ್ತಮೂರು ವರ್ಷದ್ದನ್ನು ನಿನ್ನೆ ಮೊನ್ನೆ ಬಂದವಳ ಕೈಗೆ ಕೊಟ್ಟುಬಿಡಲೇ? ಬರೆದುಕೊಳ್ಳಲಿ ತಾನೇ.

ಅಕ್ಟೋಬರ್ 17, ಮಂಗಳವಾರ

ಮೈರಾ ಇವತ್ತು ಏಳು ವರಸೆ ಇಟ್ಟಿಗೆ ಕಟ್ಟಿದಳು, ಒಂದೂ ಓರೆಯಿಲ್ಲ. ನಲವತ್ತಾರು ವರ್ಷದ ಹೆಂಗಸು. ಹತ್ತೊಂಬತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿ, ಸಾಕಾಗಿ ಇಟ್ಟಿಗೆ ಕೆಲಸಕ್ಕೆ ಬಂದವಳು. 31ಕ್ಕೆ ಪ್ರಾಯೋಗಿಕ ಪರೀಕ್ಷೆ. ಪಾಸಾದರೆ ನವೆಂಬರ್ 6ಕ್ಕೆ ಒಬ್ಬ ಬಿಲ್ಡರ್ ಹತ್ತಿರ ಕೆಲಸ ಗೊತ್ತಾಗಿದೆ. ನನ್ನ ವಿದ್ಯಾರ್ಥಿಗಳಲ್ಲೇ ಒಳ್ಳೆಯ ಕೈ. ನಾನು ತಿದ್ದಿದ ಕೈ.

ಹೊಗಳೋಣ ಅಂತ ಹೋದೆ. "ಶೋನಾ ಮಾಡಿದ ಪವಾಡ ಇದು!" ಅಂದಳು. "ನನ್ನ ಮಣಿಕಟ್ಟು ನೋಯ್ತಿತ್ತಲ್ಲ? ನೀವು ಒಂದು ವರ್ಷ 'ಕೈ ಸಡಿಲ ಬಿಡಿ, ಸಡಿಲ ಬಿಡಿ' ಅಂದ್ರಿ. ಅವಳು ಕರಣೆ ಹಿಡಿಯೋದು ಹೇಗೆ ಅಂತ ಒಂದೇ ಒಂದ್ಸಲ ತೋರಿಸಿದ್ಲು ನೋಡಿ, ನೋವೇ ಹೋಯ್ತು."

ಹೊಟ್ಟೆ ಉರಿಯಿತು. ಬೇರೆ ಮಾತು ಹುಡುಕುವುದಿಲ್ಲ, ಹೊಟ್ಟೆಯೇ ಉರಿಯಿತು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಜೀನ್‌ಗೆ ಹೇಳಿದೆ.

"ಮತ್ತೆ ಶೋನಾ ಪುರಾಣವಾ? ಅವಳಿಗೂ ಒಂದು ತಟ್ಟೆ ಹಾಕ್ತೀನಿ ಬಿಡು ಮಾರಾಯ. ಹೇಗೂ ದಿನಾ ಈ ಟೇಬಲ್ ಮೇಲೇ ಇರ್ತಾಳೆ."

ಅಕ್ಟೋಬರ್ 20, ಶುಕ್ರವಾರ

ಗಾರೆ ಕಲಸುವ ಬರ್ನಾರ್ಡ್‌ಗೆ ಮಂಡಿ ಆಪರೇಷನ್. "ನಾನೇ ಕಲಸ್ತೀನಿ" ಅಂತ ಶೋನಾ ಮುಂದೆ ಬಂದಳು. ಅವಳು ಇಲ್ಲಿ ಇದುವರೆಗೆ ಕಲಸಿದ್ದೆಲ್ಲ ಕಾಗದ.

ಬಾಗಿಲ ಹತ್ತಿರ ಟೀ ಹಿಡಿದು ನಿಂತಿದ್ದೆ. ಹೊರಗಿನ ಕಲ್ಲುಹಾಸು ಕೆಲಸದವರ ಸಿಮೆಂಟ್ ಚೀಲ ಎಳೆದು ತಂದಳು. ಕುಯ್ದಳು. ಮಿಕ್ಸರಿಗೆ ಸುರಿದಳು. ಕಟ್ಟಡದಲ್ಲಿ ದುಡಿದವಳು, ಅವಳಿಗೆ ಗಾರೆ ಎಂದರೆ ಸಿಮೆಂಟೇ. ಕಲಿಯುವ ಗೋಡೆಗೆ ಅದು ಕೂಡದು ಅಂತ ಎಲ್ಲಿ ಬರೆದಿದೆ? ನೀಲಿ ಫೈಲಿನಲ್ಲಿ.

ಬಾಯಿ ತೆರೆದೆ. ಬಿಸ್ಕತ್ತು ಹಾಕಿಕೊಂಡೆ.

"ಹದ ಸರಿ ಇದೆಯಾ ನೆವಿಲ್?"

"ಬೆಣ್ಣೆ ಇದ್ದ ಹಾಗಿದೆ."

ಆ ಗಾರೆಯಲ್ಲಿ ಎದ್ದ ಗೋಡೆಗಳನ್ನು ಸಂಜೆಯೇ ಕೆಡವಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಫಿಲಿಪ್ಪಾ ಬಂದು "ರಜೆ ಮುಗಿಸಿ ಸೋಮವಾರ ಫೋಟೋ ತೆಗೀತೀನಿ, ಹಾಗೇ ಇರ್ಲಿ" ಅಂದಳು. ಒಂದು ವಾರದ ರಜೆ. ಆಗಲೂ ನಾನಲ್ಲೇ ಇದ್ದೆ.

ಅಕ್ಟೋಬರ್ 25, ಬುಧವಾರ

ರಜೆ. ಗುಲಾಬಿ ಗಿಡ ಸವರಿದೆ. ಶೋನಾಗೆ ಹೇಳಿಬಿಡೋಣ ಅಂತ ಎರಡು ಸಲ ಫೋನ್ ಎತ್ತಿಟ್ಟೆ. ಈಗ ಹೇಳಿ ಏನು? ಗಾರೆ ಶನಿವಾರವೇ ಗಟ್ಟಿಯಾಗಿರುತ್ತೆ...

ಅಕ್ಟೋಬರ್ 30, ಸೋಮವಾರ

ಫೋಟೋ ಆಯಿತು. ಕೆಡವಿ ಅಂದಳು ಶೋನಾ. ಮೈರಾ ಮೊದಲು ಒದ್ದಳು. ಗೋಡೆ ಅಲುಗಲಿಲ್ಲ. ಇನ್ನೊಮ್ಮೆ ಒದ್ದು ಕಾಲು ಹಿಡಿದು ಕೂತಳು. ಯಾರೋ ಸುತ್ತಿಗೆ ತಂದರು. ಇಟ್ಟಿಗೆ ಒಡೆಯಿತು, ಗಾರೆ ಬಿಡಲಿಲ್ಲ. ಕಟ್ಟುವುದು ಕಷ್ಟ, ಕೆಡವುವುದು ಸುಲಭ ಅನ್ನುತ್ತಾರೆ. ಇಲ್ಲಿ ಬಂದು ನೋಡಲಿ.

ಶೋನಾ ಬಿಳಿಚಿಕೊಂಡಳು. ಹತ್ತು ದಿನ ಕಾದಿದ್ದೆ ಆ ಮುಖ ನೋಡಲು. ಸಂತೋಷವಾಯಿತು. ಸುಳ್ಳೇಕೆ, ಆಯಿತು. ಒಂದು ಗಳಿಗೆ.

"ಯಾರು ಕಲಸಿದ್ದು?" ಫಿಲಿಪ್ಪಾ.

"ನಾನು." ಅಷ್ಟೇ. ಬರ್ನಾರ್ಡ್ ಮಂಡಿಯ ನೆಪ ಹೇಳಲಿಲ್ಲ, ಹೊಸಬಳು ಅನ್ನಲಿಲ್ಲ.

ಇದ್ದ ಇಟ್ಟಿಗೆಯೆಲ್ಲ ಗೋಡೆಯೊಳಗೆ. ಹೊಸ ಲೋಡು ಬರಲು ಎರಡು ವಾರ. ನಾಳೆಯ ಪರೀಕ್ಷೆ ನವೆಂಬರ್ 21ಕ್ಕೆ ಹೋಯಿತು.

ಮೈರಾಳ 6ನೇ ತಾರೀಖು ನನಗೆ ಆಗ ನೆನಪಾಯಿತು. ಆಗಲೇ, ಮೊದಲ ಸಲ.

ಅಕ್ಟೋಬರ್ 31, ಮಂಗಳವಾರ

ಬಿಲ್ಡರ್ ಕಾಯುವುದಿಲ್ಲವಂತೆ. ಬೇರೆಯವರನ್ನು ತೆಗೆದುಕೊಂಡ. ಮೈರಾ ಕ್ಯಾಂಟೀನಿನಲ್ಲಿ ಚಿಪ್ಸ್ ಮುಂದಿಟ್ಟುಕೊಂಡು ಕೂತಿದ್ದಳು, ಒಂದೂ ಮುಟ್ಟದೆ. ಎದುರಿಗೆ ಕೂತೆ.

"ಶೋನಾನ ಬೈಬೇಡಿ ನೆವಿಲ್. ಅವಳಿಗೆ ಗೊತ್ತಿರ್ಲಿಲ್ವಂತೆ, ಪಾಪ. ಯಾರಾದ್ರೂ ಹೇಳ್ಬೇಕಿತ್ತು, ಅಲ್ವಾ?"

"ಹೇಳಬೇಕಿತ್ತು" ಅಂದೆ.

ನವೆಂಬರ್ 2, ಗುರುವಾರ

ಶೋನಾ ಡ್ರಿಲ್ ಹಿಡಿದು ಒಬ್ಬಳೇ ಗೋಡೆ ಒಡೆಯುತ್ತಿದ್ದಳು. ಕೂದಲೆಲ್ಲ ಬಿಳಿ ಧೂಳು. ಇನ್ನೊಂದು ಡ್ರಿಲ್ ತೆಗೆದುಕೊಂಡೆ. ನಾಲ್ಕು ಗೋಡೆ ಒಡೆದು ಮುಗಿಸಿದೆವು. ಆಮೇಲೆ ಡ್ರಿಲ್ ಆರಿಸಿದಳು.

"ಟೀ ಹಿಡ್ಕೊಂಡು ನಿಂತಿದ್ರಿ ನೀವು. ಚೀಲದ ಮೇಲೆ ಸಿಮೆಂಟ್ ಅಂತ ಇಷ್ಟು ದಪ್ಪ ಅಕ್ಷರ."

ನಾನೂ ಡ್ರಿಲ್ ಆರಿಸಿದೆ.

"ಫಿಲಿಪ್ಪಾಗೆ ಹೇಳಿಲ್ಲ. ಹೇಳೋದೂ ಇಲ್ಲ. ಆದ್ರೆ ಗಾರೆ ಪಾಠ ನೀವೇ ಬರೀರಿ, ನಿಮ್ಮ ಹೆಸರಲ್ಲೇ. ಮುಂದೆ ಬರೋಳಿಗಾದ್ರೂ ಗೊತ್ತಿರ್ಲಿ. ಸೋಮವಾರ ಬೆಳಿಗ್ಗೆ ನನ್ನ ಟೇಬಲ್ ಮೇಲಿರ್ಬೇಕು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ದೊಡ್ಡತನದಲ್ಲೂ ಅವಳೇ ಮುಂದೆ. ಅದಕ್ಕೂ ಹೊಟ್ಟೆಕಿಚ್ಚು ನನಗೆ. ಥೂ.

ನವೆಂಬರ್ 5, ಭಾನುವಾರ

ನೆರೆಮನೆಯವರು ಪಟಾಕಿ ಹಚ್ಚುತ್ತಿದ್ದಾರೆ. ಜೀನ್ ನೋಡಲು ಹೋಗಿದ್ದಾಳೆ. ನೀಲಿ ಫೈಲು ಮೂರೂ ಟೇಬಲ್ ಮೇಲಿವೆ. ನಾಳೆ ಮೈರಾ ಕೆಲಸಕ್ಕೆ ಸೇರಬೇಕಿತ್ತು. ಮೊದಲು ಇಲ್ಲೇ ಕರಡು ಬರೆಯುತ್ತೇನೆ.

ಪಾಠ ಒಂದು: ಗಾರೆ. ಬರೆದವರು: ನೆವಿಲ್ ಥ್ವೇಟ್. ಕಲಿಯುವವರ ಗೋಡೆಗೆ ಸುಣ್ಣ, ಮರಳು ಮಾತ್ರ. ಸಿಮೆಂಟ್ ಕೂಡದು. ಕಾರಣ: ತಪ್ಪಾಗಿ ಕಟ್ಟಿದ್ದನ್ನು ಅದೇ ಸಂಜೆ ಬಿಚ್ಚಲು ಬರಬೇಕು. ವಾರ ಕಳೆದ ಮೇಲೂ ಬರಬೇಕು.

ಉದಾಹರಣೆ: ಅಕ್ಟೋಬರ್ 20, ಶುಕ್ರವಾರ. ಮಿಕ್ಸರಿಗೆ ಸಿಮೆಂಟ್ ಬೀಳುತ್ತಿತ್ತು. ಬಾಗಿಲ ಬಳಿ ಒಬ್ಬ ಮೇಷ್ಟ್ರು ಟೀ ಹಿಡಿದು ನಿಂತಿದ್ದರು. ಅವರು ನೋಡಿ

"ಒಬ್ಬ ಮೇಷ್ಟ್ರು" ಹೊಡೆದು ಹಾಕಿದೆ. ನಾನು ನಿಂತಿದ್ದೆ. ನಾನು ನೋಡಿ —