ತೂಬು ತೆರೆಸಿದವಳು

ಭಾನುವಾರ, ಮಧ್ಯಾಹ್ನ

ನನ್ನ ಮೇಲೆ ಮುನಿದು ಕೂತಿರುವ ಅಕ್ಕನಿಗೆ,

ಮೊನ್ನೆ ಪೇಟೆಯಲ್ಲಿ ನೀನು ನನ್ನನ್ನು ಕಂಡೂ ಕಾಣದ ಹಾಗೆ ಔಷಧಿ ಅಂಗಡಿಯೊಳಗೆ ಹೊಕ್ಕೆ. ನಾನು ಹೊರಗೆ ಕಾದೆ. ನೀನು ಹಿಂಬಾಗಿಲಿಂದ ಹೋದೆಯಂತೆ. ಅಂಗಡಿಯವನು ಹೇಳಿ ನಕ್ಕ. ಬಾಯಲ್ಲಿ ಆಗದ್ದನ್ನು ಕಾಗದದಲ್ಲಾದರೂ ಆಡಿಬಿಡುತ್ತೇನೆ.

ಆ ಪುಟ್ಟ ಅಣೆಕಟ್ಟು ನಿಮಗೆ ಅನ್ನ ಹಾಕುತ್ತಿತ್ತು, ಗೊತ್ತು. ಭಾವನ ದೋಣಿಗಳು, ನಿನ್ನ ಐಸ್‌ಕ್ರೀಮ್ ಗಾಡಿ, ರಜೆಗೆ ಬರುವ ಜನ, ಎಲ್ಲ ಆ ನೀರಿನಿಂದಲೇ. ಆದರೆ ಅಣೆಕಟ್ಟುಗಳ ತಪಾಸಣೆ ನನ್ನ ಕೆಲಸ. ನಾನು ಬಂದ ದಿನ ಏರಿಯ ಬುಡದಲ್ಲಿ ನೀರು ಜಿನುಗುತ್ತಿತ್ತು. ತಿಳಿನೀರಾಗಿದ್ದರೆ ಕಾದು ನೋಡಬಹುದಿತ್ತು. ಅದು ಕೆಸರು ನೀರು. ಒಳಗಿನ ಮಣ್ಣೇ ಕೊಚ್ಚಿ ಬರುತ್ತಿತ್ತು. ಏರಿಯ ಕೆಳಗೇ ಮಕ್ಕಳ ಜಾರುಬಂಡಿ, ಅದರಾಚೆ ನಿಮ್ಮ ಬೀದಿ.

ನೀರು ಖಾಲಿ ಮಾಡಬೇಕು ಎಂದಾಗ ಭಾವ, "ಇಷ್ಟು ವರ್ಷ ನಿಂತಿದ್ದು ನೀನು ಬಂದ ದಿನವೇ ಬೀಳತ್ತಾ? ಒಡಹುಟ್ಟಿದವಳ ಹೊಟ್ಟೆ ಮೇಲೆ ಹೊಡೀಬೇಡಮ್ಮ" ಎಂದರು. ನೀನು ಅವರ ಹಿಂದೆ ನಿಂತು ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದೆ. ನಾನು ತೂಬು ತೆರೆಸಿದೆ. ದೋಣಿಗಳು ಕೆಸರಿಗೆ ಕೂತವು, ಮೀನು ಸತ್ತು ನಾರಿತು. ಬೀದಿಯವರು ನನಗೆ 'ಕೆರೆ ನುಂಗಿದವಳು' ಎಂದು ಹೆಸರಿಟ್ಟರು. ನೀನು ಅವರೆದುರೇ, "ಇವಳು ನನ್ನ ತಂಗಿಯೇ ಅಲ್ಲ" ಎಂದೆ.

ಏರಿ ಅಗೆದಾಗ ತುಕ್ಕು ತಿಂದ ಹಳೆಯ ಕೊಳವೆ ಸಿಕ್ಕಿತು. ಅದರ ಸುತ್ತ ಒಬ್ಬ ಮನುಷ್ಯ ಮುದುರಿ ಕೂರುವಷ್ಟು ಪೊಳ್ಳು. ಭಾವ ಇಣುಕಿ ನೋಡಿದರು, ಮುಖ ಬಿಳಿಚಿಕೊಂಡಿತು. ಆಮೇಲೆ, "ಅಗೆದಿದ್ದಕ್ಕೇ ಹೀಗಾಗಿದೆ" ಎಂದರು. ಊರೂ ಹೌದೆಂದಿತು. ಏರಿ ಒಡೆದು ನಾಲ್ಕು ಹೆಣ ಬಿದ್ದಿದ್ದರೆ ನನ್ನ ಮಾತು ನಿಜವಾಗುತ್ತಿತ್ತು. ಯಾರೂ ಸಾಯಲಿಲ್ಲ, ಅದಕ್ಕೇ ನಾನು ಸುಳ್ಳುಗಾತಿ.

ಆಮೇಲೆ ಅಮ್ಮ ತೀರಿಕೊಂಡ ದಿನವೂ ನೀನು ನನ್ನ ಪಕ್ಕ ನಿಲ್ಲಲಿಲ್ಲ. ಅದನ್ನು ಮರೆಯಲಾರೆ, ಮರೆತೆನೆಂದು ಸುಳ್ಳು ಬರೆಯಲೂ ಆರೆ.

ಹೊಸ ಏರಿ ಮುಗಿಯುತ್ತ ಬಂದಿದೆ. ನೀರು ತುಂಬುವ ದಿನ ಬೇರೆಯವರನ್ನು ಕಳಿಸುತ್ತೇನೆ. ನಿಮ್ಮ ಸಂಭ್ರಮಕ್ಕೆ ನನ್ನ ಮುಖ ಅಡ್ಡ ಬಾರದಿರಲಿ.

ನೀನು ಬೇಡವೆಂದರೂ ನಿನ್ನ ಬೆನ್ನಿಗೇ ಹುಟ್ಟಿದ
ತಂಗಿ

ಮತ್ತೊಂದು ಮಾತು: ಈ ಚೀಟಿಯನ್ನು ಬೇರೆ ಮಡಿಸಿಟ್ಟಿದ್ದೇನೆ, ಭಾವನಿಗೆ ಪತ್ರ ತೋರಿಸುವ ಮೊದಲು ಹರಿದುಹಾಕು. "ಕೆಸರು ನೀರು ಬರ್ತಿದೆ ಕಣೇ, ಮಕ್ಕಳು ಅಲ್ಲೇ ಆಡ್ತಾವೆ, ಬೇಗ ಬಾ. ನಾನು ಹೇಳ್ದೆ ಅಂತ ಮಾತ್ರ ಯಾರಿಗೂ ಹೇಳ್ಬೇಡ" ಎಂದು ನೀನು ಫೋನಿನಲ್ಲಿ ಅತ್ತದ್ದನ್ನು ಈವರೆಗೆ ಬಾಯಿ ಬಿಟ್ಟಿಲ್ಲ. ಬಿಡುವುದೂ ಇಲ್ಲ. ಎಲ್ಲರೆದುರು ನನ್ನನ್ನು ಬೈಯುವಾಗ ಸ್ವಲ್ಪ ದನಿ ತಗ್ಗಿಸು, ಅಕ್ಕ, ಅಷ್ಟು ಸಾಕು.