ಗಡ್ಡ ಕಟ್ಟಿದ ರಾಣಿಯ ದನಿ

ಗುರುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ,

ನೀನು ಎಷ್ಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ. ಅಕ್ಕ ಮುನಿಸಿಕೊಂಡಿದ್ದಾಳೆ ಎಂದು ಅಮ್ಮನ ಹತ್ತಿರ ಗೋಳಾಡಿದೆಯಂತೆ. ಮುನಿಸು ಇದ್ದದ್ದು ನಿಜ.

ಆ ಚರಿತ್ರೆಯ ವಿಡಿಯೋ ಗೇಮಿನ ಮೊದಲೆರಡು ಭಾಗಗಳಲ್ಲಿ ಈಜಿಪ್ಟಿನ ಫೇರೋ ಹ್ಯಾಟ್‌ಶೆಪ್ಸುಟ್ ಮಾತಾಡಿದ್ದು ನನ್ನ ದನಿಯಲ್ಲಿ. ಗಂಡಸರ ಸಿಂಹಾಸನದಲ್ಲಿ ಕೂತು, ಗದ್ದಕ್ಕೆ ಸುಳ್ಳು ಗಡ್ಡ ಕಟ್ಟಿಕೊಂಡು ರಾಜ್ಯವಾಳಿದ ಹೆಂಗಸು. ಒಮ್ಮೆ ತರಕಾರಿ ಅಂಗಡಿಯಲ್ಲಿ ನಾನು ಬೀನ್ಸ್ ಕೇಳಿದರೆ, ಹಿಂದೆ ನಿಂತಿದ್ದವಳು "ಅಯ್ಯೋ, ನಮ್ಮ ರಾಣಿ!" ಎಂದು ಕೂಗಿದ್ದಳು. ನನ್ನ ಮುಖ ಯಾರಿಗೂ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ನನಗೆ ಅಷ್ಟೇ ಸಾಕಿತ್ತು.

ಮೂರನೇ ಭಾಗಕ್ಕೆ ನಿರ್ದೇಶಕರು ಕರೆಯುವ ಹೊತ್ತಿಗೆ ಗಂಟಲು ಕೈಕೊಟ್ಟಿತ್ತು. ಒಂದು ಸಾಲು ಮುಗಿಯುವಷ್ಟರಲ್ಲಿ ದನಿ ಒಡೆದುಹೋಗುತ್ತಿತ್ತು. "ನಿಮ್ಮ ತಂಗಿ ದನೀನೂ ಥೇಟ್ ನಿಮ್ಮ ಥರಾನೇ ಅಲ್ವಾ?" ಅಂದರು. ಹೌದೆಂದು ತಲೆಯಾಡಿಸಿ ಬಂದೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಿನ್ನ ಮೇಲೆ ಹೊಟ್ಟೆ ಉರಿಯಿತು. ತೊದಲುತ್ತಿದ್ದ ನಿನಗೆ ಮಾತು ತಿದ್ದಿದವಳೇ ನಾನು. ಅದೂ ತಪ್ಪಾಯಿತೇನೋ ಅನ್ನಿಸಿತು.

ಮೊನ್ನೆ ಸ್ಟುಡಿಯೋಗೆ ಬಂದಿದ್ದೆ. ನಿನಗೆ ಗೊತ್ತಾಗಲಿಲ್ಲ. ಗಾಜಿನ ಈಚೆ, ಸೌಂಡ್ ಇಂಜಿನಿಯರ್ ಬೆನ್ನ ಹಿಂದೆ ಕೂತಿದ್ದೆ. ರಾಣಿಯ ಕೊನೆಯ ದೃಶ್ಯ ನಡೆಯುತ್ತಿತ್ತು. ಗೋಡೆಗಳ ಮೇಲಿನ ತನ್ನ ಹೆಸರನ್ನೆಲ್ಲ ಮಲಮಗ ಮುಂದೆ ಉಳಿಯಿಂದ ಕೆತ್ತಿಸಿ ಅಳಿಸಿಹಾಕುತ್ತಾನೆಂದು ತಿಳಿದೂ ಅವಳು ಅವನಿಗೆ ಹೇಳುತ್ತಾಳೆ: "ಕಲ್ಲು ನಿನ್ನದು, ಕೆತ್ತಿಸು. ನಾನು ಆಳಿದ ದಿನಗಳಿಗೆ ನಿನ್ನ ಉಳಿ ತಾಗುವುದಿಲ್ಲ." ನೀನು ಅದನ್ನು ಕಿರುಚಿದೆ. ನಿರ್ದೇಶಕರು ಚೆನ್ನಾಗಿದೆ ಅಂದರು. ಚೆನ್ನಾಗಿರಲಿಲ್ಲ ಗುಬ್ಬಿ. ನನಗೆ ಒಳಗೊಳಗೇ ಖುಷಿಯೂ ಆಯಿತು, ನೋಡು ಎಂಥವಳು ನಾನು!

ಆಗ ನೀನು, "ಇನ್ನೊಂದ್ಸಲ ಮಾಡ್ಲಾ ಸರ್? ಅಕ್ಕ ಇದ್ದಿದ್ರೆ ಇದನ್ನ ಹೀಗೆ ಬಿಡ್ತಿರ್ಲಿಲ್ಲ" ಅಂದೆ. ಈ ಸಲ ದನಿ ತಗ್ಗಿಸಿದೆ. ಬೆದರಿಕೆಯಿಲ್ಲ, ಅಳುವಿಲ್ಲ. ಮಗನಿಗೆ ಊಟಕ್ಕೆ ಬಾ ಅನ್ನುವಷ್ಟು ಮೆಲ್ಲಗೆ. ಇಂಜಿನಿಯರ್ ರೆಕಾರ್ಡಿಂಗ್ ನಿಲ್ಲಿಸುವ ಗುಂಡಿ ಒತ್ತುವುದನ್ನೇ ಮರೆತು ಕೂತ. ಅದು ನನ್ನ ದನಿಯಾಗಿರಲಿಲ್ಲ. ನನ್ನದಕ್ಕಿಂತ ಒಂದು ಚೂರು ಒರಟು, ನಿನ್ನದೇ. ಅಲ್ಲಿ ಇನ್ನು ಕೂತಿರಲಾಗಲಿಲ್ಲ, ಎದ್ದು ಬಂದೆ.

ಪಾತ್ರವನ್ನು ನನಗಾಗಿ ಬಿಟ್ಟುಬಿಡುತ್ತೇನೆ ಎಂದು ಅಮ್ಮನಿಗೆ ಹೇಳಿದೆಯಂತೆ. ಹುಚ್ಚಾಟ ಆಡಬೇಡ. ಅದು ಈಗ ನಿನ್ನದು. ಅಕ್ಕ ಹೇಗಿದ್ದಾಳೆ ಎಂದು ಅಮ್ಮ ಕೇಳಿದರೆ, ಗಂಟಲು ಕೆರೆತ, ಬಿಸಿನೀರು ಕುಡಿಯುತ್ತಿದ್ದಾಳೆ ಅನ್ನು.

ನಿನ್ನ ಮೇಲಿನ ಕೋಪ ಇಳಿದಿರುವ,
ಅಕ್ಕ

ತಾ.ಕ.: ಕೆರೆತದ ಮಾತು ಅಮ್ಮನಿಗೆ, ಇದು ನಿನಗೆ. ಗಂಟಲಲ್ಲಿರುವುದು ಕ್ಯಾನ್ಸರ್. ಸೋಮವಾರ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಈಗ ಪಿಸುಮಾತೊಂದು ಉಳಿದಿದೆ, ಅಷ್ಟೇ. ಸೋಮವಾರಕ್ಕೆ ಮೊದಲು ಒಮ್ಮೆ ಬಾ. ನನ್ನ ಬಾಯಿಂದ ನಿನ್ನನ್ನು ಹೆಸರು ಹಿಡಿದು ಕರೆಯಬೇಕು. ತೀರಾ ಹತ್ತಿರ ಕೂತುಕೋ, ಇಲ್ಲದಿದ್ದರೆ ಕೇಳಿಸುವುದಿಲ್ಲ.