ಚೀಲದಲ್ಲೇ ಉಳಿದ ತೊಟ್ಟಿಲ ಕಾಲು

೧೪ ಅಕ್ಟೋಬರ್, ಮಂಗಳವಾರ. ಭಾಲ್ಕಿ.

ಕಟ್ಟಿಗೆಯ ಲೇತ್ ಮಷೀನು ಇವತ್ತು ಮನೆಗೆ ಬಂತು. ಗಿಡ್ಡದು.

ನಮ್ಮಪ್ಪ ಖರಾದಿ, ಕಟ್ಟಿಗೆ ಕಡೆಯುವವನು. ಅವನು ಹಗ್ಗ ಎಳೆದು ಕಟ್ಟಿಗೆ ತಿರುಗಿಸುತ್ತಿದ್ದ, ಉಳಿ ನನ್ನ ಕೈಯಲ್ಲಿರುತ್ತಿತ್ತು. ಟೇಪು ನಂಬುತ್ತಿರಲಿಲ್ಲ, ಕಟ್ಟಿಗೆ ಕೊಳ್ಳಲು ಹೋಗುವಾಗ ಅಳತೆಗೆ ತೊಟ್ಟಿಲ ಕಾಲನ್ನೇ ಒಯ್ಯುತ್ತಿದ್ದ. ಮಷೀನು ಆರಿಸಲು ಗಂಡನ ಜೊತೆ ಬೀದರಿಗೆ ಹೋದಾಗ ನಾನೂ ಅಪ್ಪ ಮಾಡಿದ ಒಂದು ಕಾಲನ್ನು ಚೀಲದಲ್ಲಿ ಹಾಕಿಕೊಂಡಿದ್ದೆ.

ಅಂಗಡಿಯವನು ನನ್ನ ಮುಖ ನೋಡಲಿಲ್ಲ. ಉಳಿ ಹಿಡಿಯಲೂ ಬಾರದ ನನ್ನ ಗಂಡನನ್ನೇ ಕೇಳಿದ: “ಎಷ್ಟ ಉದ್ದಂದು ಕೊಡ್ಲಿರಿ, ಸಾಹೇಬ್ರ?”

“ಸಣ್ಣದ ಕೊಡ್ರಿ. ಮನ್ಯಾಗ ಕುಂತು ಲಟ್ಟಣಿಗಿ ಮಾಡ್ತಾಳ, ಮತ್ತೇನ್ ಮಾಡ್ತಾಳ್ರಿ?”

ಇಬ್ಬರೂ ನಕ್ಕರು. ನಾನು ಚೀಲದ ಬಾಯಿ ಬಿಗಿಹಿಡಿದು ನಿಂತೆ.

ಸಂಜೆ ಆ ಕಾಲನ್ನು ಮಷೀನಿಗೆ ಹಿಡಿದು ನೋಡಿದೆ. ಒಂದು ಗೇಣು ಹೊರಗೇ ಉಳಿಯಿತು. ಸಾಯಗಾಂವದ ಸುಂದರಬಾಯಿಗೆ, ಅವಳ ಮೊಮ್ಮಗಳಿಗೆ ಹೆಸರಿಡುವ ಹೊತ್ತಿಗೆ ತೊಟ್ಟಿಲು ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ.

“ಕಾಲ್ ಗಿಡ್ಡ ಮಾಡು, ಯಾರ್ ನೋಡ್ತಾರ?” ಟಿವಿ ಮುಂದೆ ಕೂತಲ್ಲಿಂದಲೇ ಗಂಡ ಅಂದರು.

ಅಪ್ಪ ಇದ್ದಿದ್ದರೆ ನೋಡುತ್ತಿದ್ದ.

ಗಂಡನ ಮೇಲಿನ ಸಿಟ್ಟು ನಾಳೆಗೆ ಇಳಿದೀತು. ಆದರೆ ಅಂಗಡಿಯಲ್ಲಿ ಚೀಲ ನನ್ನ ಕೈಯಲ್ಲೇ ಇತ್ತಲ್ಲ. ಬಿಚ್ಚಲಿಲ್ಲ ನಾನು.